‘ವಯಸ್ಸಾಯ್ತಲ್ಲ, ಇನ್ನೇನು’ ಅನ್ನುವವರಿಗೆ

ಸಂಪಾದಕರ ಉತ್ತರ

ಹಾಸನ ಜಿಲ್ಲೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುತ್ತಿಲ್ಲ. ಸಾರ ಇಷ್ಟು: ಅತ್ತೆಗೆ 81 ವರ್ಷ. ಎರಡು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ಮನೆಗೆ ಬಂದರು. ವಾಕರ್ ಹಿಡಿದು ನಡೆಸಿ ಅಂತ ಡಾಕ್ಟರ್ ಹೇಳಿದ್ದರೂ ಮತ್ತೆ ಬೀಳುತ್ತಾರೆ ಅನ್ನುವ ಹೆದರಿಕೆಗೆ ಮಲಗಿಸಿಯೇ ಇದ್ದಾರೆ. ಈಗ ಸೊಂಟದ ಕೆಳಗೆ, ಬೆನ್ನ ಕೊನೆಯಲ್ಲಿ ಕೆಂಪಾಗಿದೆ. ಮೂರು ದಿನದಿಂದ ಸಂಜೆಯಾದರೆ ತೀರಿಹೋದ ಅಣ್ಣನ ಜೊತೆ ಮಾತಾಡುತ್ತಾರಂತೆ. ‘ಎಲ್ಲರೂ ವಯಸ್ಸಾಯ್ತಲ್ಲ, ಇನ್ನೇನು ಅಂತಾರೆ. ನಾನೇ ಏನಾದರೂ ತಪ್ಪು ಮಾಡ್ತಿದ್ದೀನಾ?’ ಇದು ಅವರ ಪ್ರಶ್ನೆ.

ಪ್ರಿಯ ಸಹೋದರಿ,

ನಿಮ್ಮ ಪತ್ರ ಬಂದ ದಿನವೇ ನಾನು ಫೋನ್ ಮಾಡಿದ್ದು ನೆನಪಿದೆ ಅಲ್ವಾ? ಪತ್ರಿಕೆ ಅಚ್ಚಾಗಿ ಬರುವ ತನಕ ಕಾಯುವ ವಿಷಯ ಅದಾಗಿರಲಿಲ್ಲ. ನಮ್ಮಲ್ಲಿ ಒಂದು ಮಾತಿದೆ, ಅರವತ್ತಕ್ಕೆ ಅರಳು ಮರಳು ಅಂತ. ಈ ಗಾದೆ ಎಷ್ಟು ಜನರನ್ನು ಡಾಕ್ಟರ ಬಳಿ ಹೋಗದಂತೆ ತಡೆದಿದೆಯೋ! ಮರೆವಿನ ಕಾಯಿಲೆ ಬರುವುದು ನಿಧಾನವಾಗಿ, ತಿಂಗಳು ವರ್ಷಗಳ ಲೆಕ್ಕದಲ್ಲಿ. ಮೊನ್ನೆ ತನಕ ಸರಿಯಾಗಿದ್ದವರು ಮೂರೇ ದಿನದಲ್ಲಿ ಹೀಗಾದರು ಅಂದರೆ ಅದಕ್ಕೆ ಬೇರೆ ಕಾರಣ ಇರುತ್ತದೆ. ಉರಿಮೂತ್ರ, ನ್ಯುಮೋನಿಯಾ, ಮೈಯಲ್ಲಿ ನೀರು ಕಡಿಮೆಯಾಗುವುದು, ಹೊಸ ಮಾತ್ರೆ, ಮಲ ಕಟ್ಟಿಕೊಳ್ಳುವುದು, ಇವುಗಳಲ್ಲಿ ಯಾವುದಾದರೂ ಆಗಬಹುದು. ವಯಸ್ಸಾದವರಲ್ಲಿ ಸೋಂಕು ಜ್ವರವನ್ನೇ ತೋರಿಸದೆ ನೇರವಾಗಿ ತಲೆಗೆ ಏರಿದ ಹಾಗೆ ಕಾಣಿಸುತ್ತದೆ. ನಿಮ್ಮ ಅತ್ತೆಯವರಿಗೆ ಮೂತ್ರ ಪರೀಕ್ಷೆಯಲ್ಲಿ ಸೋಂಕು ಸಿಕ್ಕಿತು, ಔಷಧಿಗೆ ಒಂದು ವಾರದಲ್ಲಿ ಅಣ್ಣ ಮಾಯವಾದರು. ಉಳಿದ ಓದುಗರಿಗಾಗಿ ಇದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಸೋಂಕಿಗೆ ಒಂದು ಸುಳಿವು ನಿಮ್ಮ ಪತ್ರದಲ್ಲೇ ಇತ್ತು. ‘ರಾತ್ರಿ ಪದೇ ಪದೇ ಬಟ್ಟೆ ಬದಲಿಸಬೇಕಾಗುತ್ತೆ ಅಂತ ನೀರು ಕಡಿಮೆ ಕೊಡ್ತೀನಿ’ ಅಂತ ಬರೆದಿದ್ದೀರಿ. ಬೈಯುತ್ತಿಲ್ಲ. ಎಲ್ಲರೂ ಮಾಡುವುದೇ ಇದು. ಆದರೆ ವಯಸ್ಸಾದಂತೆ ಬಾಯಾರಿಕೆ ಅನ್ನುವುದೇ ಸರಿಯಾಗಿ ಗೊತ್ತಾಗುವುದಿಲ್ಲ. ಕೇಳಿದಾಗ ಕೊಡೋಣ ಅಂದರೆ ಅವರು ಕೇಳುವುದೇ ಇಲ್ಲ. ಬೆಳಿಗ್ಗೆಯಿಂದ ಸಂಜೆ ಆರರೊಳಗೆ ಮಜ್ಜಿಗೆ, ಗಂಜಿ, ಸಾರು ಅಂತ ಸ್ವಲ್ಪ ಸ್ವಲ್ಪವೇ ಕುಡಿಸಿ, ರಾತ್ರಿಗೆ ಕಡಿಮೆ ಮಾಡಿ. ಕುಡಿಸುವಾಗ ಮಾತ್ರ ಪೂರ್ತಿ ಎಬ್ಬಿಸಿ ಕೂರಿಸಿ. ಮಲಗಿದವರ ಬಾಯಿಗೆ ಚಮಚ ಇಟ್ಟರೆ ಅದು ಶ್ವಾಸಕೋಶಕ್ಕೂ ಹೋಗಬಹುದು.

ಈಗ ಬೆನ್ನಿನ ವಿಷಯ, ಅಂದರೆ ಮಲಗಿಯೇ ಇದ್ದರೆ ಬರುವ ಹಾಸಿಗೆ ಹುಣ್ಣು. ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ನಮ್ಮಮ್ಮ ಮಲಗಿದ್ದಾಗ ನಾವೂ ದಿನಕ್ಕೆರಡು ಸಲ ಸ್ಪಿರಿಟ್ ಹಚ್ಚಿ, ಚೆನ್ನಾಗಿ ತಿಕ್ಕಿ, ಮೇಲೆ ಪೌಡರ್ ಹಾಕುತ್ತಿದ್ದೆವು. ಗಾಳಿ ತುಂಬಿದ ರಬ್ಬರ್ ರಿಂಗ್ ಕೂಡ ತಂದಿದ್ದೆವು. ಏನೋ ದೊಡ್ಡ ಸೇವೆ ಮಾಡುತ್ತಿದ್ದೇವೆ ಅನ್ನುವ ಹೆಮ್ಮೆ ಬೇರೆ. ಒಂದು ದಿನ ಪಕ್ಕದ ಬೀದಿಯ ನಿವೃತ್ತ ಸಿಸ್ಟರ್ ಒಬ್ಬರು ನೋಡಲು ಬಂದರು. ಮಾತಾಡುತ್ತಲೇ ಅಮ್ಮನ ಬೆನ್ನ ಕೆಳಗೆ ಅಂಗೈ ತೂರಿಸಿ ಸುಮ್ನೆ ಹಾಗೇ ಇಟ್ಟುಕೊಂಡರು. ಆಮೇಲೆ ನನ್ನ ಕೈಯನ್ನೂ ಅಲ್ಲಿಟ್ಟರು. ಒಂದು ಕಡೆ ಚರ್ಮ ಬಿಸಿಯಾಗಿತ್ತು, ಸುತ್ತಲಿಗಿಂತ ಗಟ್ಟಿಯಾಗಿತ್ತು. ‘ಇದು ಒಳಗಿಂದ ಶುರುವಾಗಿದೆ, ತಿಕ್ಕಿ ತಿಕ್ಕಿ ಜಾಸ್ತಿ ಮಾಡಿದ್ದೀರಿ’ ಅಂದರು. ರಿಂಗನ್ನು ತೆಗೆದು ಅಟ್ಟಕ್ಕೆ ಹಾಕಿ ಅಂದರು. ಅದು ನಡುವಿನ ಭಾಗವನ್ನು ಕಾಪಾಡಿ ಸುತ್ತಲಿನ ರಕ್ತ ಓಡಾಟವನ್ನು ತಡೆಯುತ್ತದಂತೆ.

ನಮ್ಮ ಮೈಬಣ್ಣಕ್ಕೆ ಕೆಂಪು ಬೇಗ ಕಾಣುವುದಿಲ್ಲ. ಅದಕ್ಕೇ ಕೈಯಿಂದ ಮುಟ್ಟಿ ನೋಡುವುದು ಮುಖ್ಯ. ಕೆಂಪು ಕಂಡರೆ ಬೆರಳಿಂದ ಒತ್ತಿ ಬಿಡಿ. ಬಿಳಿಚಿ ಮತ್ತೆ ಕೆಂಪಾದರೆ ಇನ್ನೂ ಟೈಮ್ ಇದೆ. ಒತ್ತಿದರೂ ಹಾಗೇ ಇದ್ದರೆ ಹುಣ್ಣು ಶುರುವಾಗಿದೆ ಅಂತ ಲೆಕ್ಕ, ಡಾಕ್ಟರಿಗೆ ತೋರಿಸಿ.

ಹಚ್ಚುವ ಔಷಧಿಯ ಬಗ್ಗೆ ಕೇಳಿದ್ದೀರಿ. ಡೋರೀನ್ ನಾರ್ಟನ್ ಅಂತ ಇಂಗ್ಲೆಂಡಿನ ಒಬ್ಬ ನರ್ಸ್ ಇದ್ದರು. ವಾರ್ಡುಗಳಲ್ಲಿ ವಯಸ್ಸಾದವರ ಬೆನ್ನಿಗೆ ಹಚ್ಚುತ್ತಿದ್ದ ಲೇಪ, ಮುಲಾಮುಗಳನ್ನೆಲ್ಲ ಅವರು ಮತ್ತು ಜೊತೆಗಾರರು ಪರೀಕ್ಷೆ ಮಾಡಿ 1962ರಲ್ಲಿ ವರದಿ ಪ್ರಕಟಿಸಿದರು. ಹಚ್ಚುವುದರಿಂದ ಹೆಚ್ಚೇನೂ ಆಗಲಿಲ್ಲ, ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಿದ್ದೇ ಕೆಲಸ ಮಾಡಿತು. ಹಾಸಿಗೆ ಹುಣ್ಣು ಯಾರಿಗೆ ಬರಬಹುದು ಅಂತ ಅಂಕ ಹಾಕಿ ಮೊದಲೇ ಗುರುತಿಸುವ ಅವರ ಪಟ್ಟಿ ಈಗಲೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ.

ಹಾಗಾಗಿ ಎರಡು ಗಂಟೆಗೊಮ್ಮೆ ಮಗ್ಗುಲು. ಪೂರ್ತಿ ಹೊರಳಿಸಬೇಕಿಲ್ಲ, ಬೆನ್ನ ಹಿಂದೆ ಒಂದು ದಿಂಬು ಇಟ್ಟು ಸ್ವಲ್ಪ ವಾಲಿಸಿದರೆ ಸಾಕು. ಆಪರೇಷನ್ ಆದ ಕಡೆಗೆ ಎಷ್ಟು ವಾಲಿಸಬಹುದು ಅಂತ ಮೂಳೆ ಡಾಕ್ಟರನ್ನು ಕೇಳಿಕೊಳ್ಳಿ. ಮೀನಖಂಡದ ಕೆಳಗೂ ಒಂದು ದಿಂಬು ಇರಲಿ, ಹಿಮ್ಮಡಿ ಹಾಸಿಗೆಗೆ ತಾಗಬಾರದು. ಅಡಿಯಲ್ಲಿ ಒಂದು ಕಾಗದ ತೂರಿಸಿದರೆ ಸಲೀಸಾಗಿ ಹೋಗಬೇಕು. ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈ ಹಾಕಿ ಎಳೆಯುತ್ತೀರಲ್ಲ, ಅದು ಬೇಡ. ಎಳೆದಾಗಲೇ ಚರ್ಮ ಒಳಗೊಳಗೇ ಹರಿಯುವುದು. ಹಳೇ ಕಾಟನ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸೊಂಟದ ಕೆಳಗೆ ಹಾಸಿ, ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದು ಎತ್ತಿ ಸರಿಸಿ.

ಎರಡನೆಯವರು ಯಾರು ಅಂತ ಕೇಳುತ್ತೀರಿ, ಗೊತ್ತು. ನಾಲ್ಕು ಪುಟದಲ್ಲಿ ನಿಮ್ಮ ಯಜಮಾನರ ಹೆಸರು ಒಂದೇ ಸಲ ಬಂದಿದೆ, ಅದೂ ಮಾತ್ರೆ ತಂದುಕೊಟ್ಟರು ಅಂತ. ಮೈದುನ ಬೆಂಗಳೂರಿಂದ ವಿಡಿಯೋ ಕಾಲ್ ಮಾಡಿ ‘ಚೆನ್ನಾಗಿ ನೋಡ್ಕೊಳ್ಳಿ ಅತ್ತಿಗೆ’ ಅನ್ನುತ್ತಾರೆ. ಹೆತ್ತವರನ್ನು ನೋಡಿಕೊಳ್ಳಲೇಬೇಕು ಅಂತ 2007ರ ಕಾನೂನು ಇದೆ. 14567ಕ್ಕೆ ಕರೆ ಮಾಡಿದರೆ ಹಿರಿಯರ ಸಹಾಯವಾಣಿ ಸಿಗುತ್ತದೆ, ಬೇಕಾದ ಮಾಹಿತಿ ಕೊಡುತ್ತಾರೆ. ಆದರೆ ರಾತ್ರಿ ಎರಡಕ್ಕೆ ಎದ್ದು ಮಗ್ಗುಲು ಬದಲಿಸು ಅಂತ ಯಾವ ಸಾಹೇಬರೂ ಆದೇಶ ಹೊರಡಿಸುವುದಿಲ್ಲ. ಅದನ್ನು ನೀವೇ ಹೇಳಬೇಕು. ರಾತ್ರಿ ಹನ್ನೆರಡು ಮತ್ತು ಎರಡರ ಸರದಿ ಯಜಮಾನರದ್ದು. ಹೋಂ ನರ್ಸ್ ಖರ್ಚು ಮೈದುನರದ್ದು. ನೀವು ಬರೆದ ಹಾಗೆ ಮುಂಗಡ ಇಸ್ಕೊಂಡು ಮೂರನೇ ದಿನಕ್ಕೆ ನಾಪತ್ತೆಯಾಗುವವರೂ ಇದ್ದಾರೆ, ನಿಜ. ಮುಂದಿನ ಸಲ ಬಂದವರನ್ನು ಮೊದಲ ದಿನ ಪಕ್ಕದಲ್ಲೇ ನಿಂತು ನೋಡಿ. ಹೊರಳಿಸುವ ಮುಂಚೆ ಅತ್ತೆಗೆ ‘ಅಮ್ಮ, ಈ ಕಡೆ ತಿರುಗಿಸ್ತೀನಿ’ ಅಂತ ಹೇಳುತ್ತಾರಾ ಇಲ್ಲವಾ ಅನ್ನುವುದರಲ್ಲೇ ಅರ್ಧ ಗೊತ್ತಾಗುತ್ತದೆ.

ಕಿವಿ ಕೇಳಲ್ಲ, ಕಿರುಚಿ ಕಿರುಚಿ ಗಂಟಲು ಹೋಯ್ತು ಅಂತಲೂ ಬರೆದಿದ್ದೀರಿ. ವಯಸ್ಸಿಗೆ ಮೊದಲು ಹೋಗುವುದು ಕೀಚಲು ದನಿ ಕೇಳುವ ಶಕ್ತಿ. ನಾವು ಕಿರುಚಿದಷ್ಟೂ ದನಿ ಮೇಲಕ್ಕೇ ಹೋಗುತ್ತದೆ. ಎದುರಿಗೆ ಕೂತು, ಮುಖ ಕಾಣುವ ಹಾಗೆ, ದನಿ ತಗ್ಗಿಸಿ ನಿಧಾನವಾಗಿ ಹೇಳಿ ನೋಡಿ. ಅದಕ್ಕೂ ಮೊದಲು ಕಿವಿಯಲ್ಲಿ ಗುಗ್ಗೆ ಕಟ್ಟಿದೆಯಾ ಅಂತ ತೋರಿಸಿ.

ಪತ್ರದ ಕೊನೇ ಸಾಲಿಗೆ ಬರುತ್ತೇನೆ. ‘ನಿನ್ನೆ ಅವರೆಕಾಯಿ ಸುಲೀತೀನಿ ಕೊಡು ಅಂದ್ರು, ಸುಮ್ನೆ ಮಲಗಿ ಅಂತ ರೇಗಿಬಿಟ್ಟೆ.’ ಇದನ್ನು ಓದಿದಾಗ ನನಗೆ ನೆನಪಾಗಿದ್ದು ಇಂಗ್ಲೆಂಡಿನ ಡಾಕ್ಟರ್ ಮಾರ್ಜರಿ ವಾರೆನ್. 1935ರಲ್ಲಿ ಲಂಡನ್ ಹತ್ತಿರದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ಪಕ್ಕದ ಬಡವರ ಆಸ್ಪತ್ರೆಯ 714 ಹಾಸಿಗೆಗಳು ಸೇರಿದವು. ಗುಣವಾಗದವರು ಅಂತ ವರ್ಷಗಟ್ಟಲೆ ಮಲಗಿಸಿಟ್ಟಿದ್ದ ಮುದುಕರು, ಮುದುಕಿಯರು. ಈ ಡಾಕ್ಟರಮ್ಮ ಒಬ್ಬೊಬ್ಬರನ್ನೇ ಪರೀಕ್ಷೆ ಮಾಡಿ ಎಬ್ಬಿಸಿ ಕೂರಿಸಿದರು, ನಡೆಸಿದರು. ಎಷ್ಟೋ ಜನ ಎದ್ದು ಮನೆಗೆ ಹೋದರು. ಅವರನ್ನು ಮಲಗಿಸಿದ್ದು ಕಾಯಿಲೆಗಿಂತ ಹೆಚ್ಚಾಗಿ ಹಾಸಿಗೆಯೇ. ಆರೋಗ್ಯವಾಗಿರುವ ಹಿರಿಯರನ್ನೇ 10 ದಿನ ಮಲಗಿಸಿಟ್ಟು ನೋಡಿದಾಗ ಕಾಲುಗಳ ಮಾಂಸಖಂಡ ಸುಮಾರು ಒಂದು ಕೆಜಿ ಕರಗಿತ್ತು. ನಿಮ್ಮ ಅತ್ತೆ ಎರಡು ತಿಂಗಳಿಂದ ಮಲಗಿದ್ದಾರೆ.

ನಾಳೆಯಿಂದ ಕೂರಿಸಿ. ಎಬ್ಬಿಸಿದ ತಕ್ಷಣ ನಿಲ್ಲಿಸಬೇಡಿ, ಮಂಚದ ಅಂಚಿನಲ್ಲಿ ಎರಡು ಮೂರು ನಿಮಿಷ ಕೂತಿರಲಿ, ಇಲ್ಲದಿದ್ದರೆ ಬಿ.ಪಿ. ಇಳಿದು ತಲೆ ಸುತ್ತುತ್ತದೆ. ಆಮೇಲೆ ವಾಕರ್ ಹಿಡಿಸಿ, ನೀವಿಬ್ಬರೂ ಪಕ್ಕದಲ್ಲಿದ್ದು ನಾಲ್ಕು ಹೆಜ್ಜೆ ಹಾಕಿಸಿ, ಕೈ ಇರುವ ಕುರ್ಚಿಗೆ ತನ್ನಿ. ಹಜಾರದ ಬಾಗಿಲ ಹತ್ತಿರ, ಬೀದಿ ಕಾಣುವ ಹಾಗೆ. ತೊಡೆಯ ಮೇಲೆ ಮೊರ ಇಡಿ. ಮೊದಲ ದಿನಕ್ಕೆ ಅರ್ಧ ಕೆಜಿ ಕಾಯಿ ಸಾಕು. ಸೊಗಡಿರುವುದನ್ನೇ ತರಿಸಿ, ಇಲ್ಲದಿದ್ದರೆ ಅದಕ್ಕೂ ಅವರಿಂದ ಬೈಸಿಕೊಳ್ಳುತ್ತೀರಿ.

ಇಂತಿ,
ಸಂಪಾದಕ