ಮಲೆನಾಡಿನ ಅಡುಗೆ ಕಟ್ಟೆಗೆ ಯಾವ ಗ್ರಾನೈಟ್ ಹಾಕಿಸಬೇಕು?

ತೀರ್ಥಹಳ್ಳಿ ಹತ್ತಿರ ಮನೆ ಕಟ್ಟಿಸ್ತಿದ್ದೀರಿ. ಶಿವಮೊಗ್ಗದ ಅಂಗಡಿಯವರು ಕಪ್ಪು ಗ್ರಾನೈಟೇ ಗಟ್ಟಿ ಅಂತಾರೆ, ಮನೆಯವರಿಗೆ ಬಿಳಿ ಇಷ್ಟ. ಯಾವುದು ಬಾಳಿಕೆ ಬರುತ್ತೆ ಅನ್ನೋದು ನಿಮ್ಮ ಪ್ರಶ್ನೆ, ಅಲ್ವಾ? ನಮ್ಮ ಮನೆ ಹೊಸನಗರದ ಕಡೆ. ಮಳೆ, ತೇವ ಎಲ್ಲ ನಿಮ್ಮಲ್ಲಿ ಇದ್ದ ಹಾಗೇ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಬಣ್ಣದ ಮಾತು ಆಮೇಲೆ. ಮೊದಲು ನಿಮಗೆ ಹಿಡಿಸಿದ ಎರಡು ಮೂರು ಸ್ಲ್ಯಾಬ್‌ಗಳ ಚೂರು ಕೇಳಿ ಮನೆಗೆ ತನ್ನಿ. ಕತ್ತರಿಸಿ ಉಳಿದ ತುಂಡುಗಳು ಅಂಗಡಿಯಲ್ಲಿ ಬಿದ್ದಿರುತ್ತವೆ. ಪಾಲಿಶ್ ಇರುವ ಮುಖದ ಮೇಲೆ ಒಂದು ಚಮಚ ನೀರು ಹಾಕಿ ಕಾಲು ಗಂಟೆ ಬಿಡಿ. ಒರೆಸಿದ ಮೇಲೆ ಆ ಜಾಗ ಕಪ್ಪಗೆ ಕಂಡರೆ ಕಲ್ಲು ನೀರು ಕುಡಿಯುತ್ತೆ ಅಂತ ಅರ್ಥ. ಆಮೇಲೆ ಅದರ ಮೇಲೆ ಕೊಬ್ಬರಿ ಎಣ್ಣೆ, ನೀರಲ್ಲಿ ಕಲಸಿದ ಅರಿಶಿನ, ಮುರುಗಲು ಹುಳಿ, ಇಷ್ಟನ್ನೂ ಬೇರೆ ಬೇರೆ ಕಡೆ ಹಚ್ಚಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಸೋಪು ನೀರಲ್ಲಿ ತೊಳೆದು ನೋಡಿ. ಅಂಗಡಿಯಲ್ಲಿ ಯಾರು ಏನೇ ಹೇಳಲಿ, ನಿಮ್ಮ ಅಡುಗೆಮನೆಗೆ ಆ ಕಲ್ಲು ಆಗುತ್ತೋ ಇಲ್ವೋ ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಹುಳಿಗೆ ನಿಜವಾದ ಗ್ರಾನೈಟ್ ಹೆದರೋದಿಲ್ಲ. ಅದರಲ್ಲಿ ಇರೋದು ಮುಖ್ಯವಾಗಿ ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್. ಗಟ್ಟಿತನದ ಮೋಸ್ ಅಳತೆಯಲ್ಲಿ ಕ್ವಾರ್ಟ್ಜ್ 7, ಫೆಲ್ಡ್‌ಸ್ಪಾರ್ 6. ಮಾರ್ಬಲ್‌ನ ಕ್ಯಾಲ್ಸೈಟ್ ಬರೀ 3, ಅದನ್ನು ನಿಂಬೆ ರಸವೂ ತಿನ್ನುತ್ತೆ. ಹಾಗಾಗಿ ಹುಳಿ ಹಚ್ಚಿದ ಜಾಗದಲ್ಲಿ ಹೊಳಪು ಹೋಗಿದ್ದರೆ ಆ ಕಲ್ಲು ಬಿಟ್ಟುಬಿಡಿ. ತಂಬುಳಿ, ಅಪ್ಪೆಹುಳಿ, ವಾಟೆಹುಳಿ ಅಂತ ದಿನಾ ಹುಳಿ ಬೀಳುವ ಕಟ್ಟೆ ನಮ್ಮದು, ಮಾರ್ಬಲ್ ಬೇಡವೇ ಬೇಡ.

ಎಣ್ಣೆ ಕಲೆಯ ಕಥೆ ಬೇರೆ. ನಮ್ಮ ಕಟ್ಟೆ ತಿಳಿ ಬೂದು ಬಣ್ಣದ್ದು. ಒಲೆ ಪಕ್ಕ ಎಣ್ಣೆ ಬಾಟಲಿ ಇಡುವ ಕಡೆ ಅದರ ತಳದ ಅಳತೆಗೆ ಸರಿಯಾಗಿ ಒಂದು ಗಾಢ ಬಳೆ ಮೂಡಿದೆ. ಎಷ್ಟು ಉಜ್ಜಿದರೂ ಪೂರ್ತಿ ಹೋಗಿಲ್ಲ, ಎಣ್ಣೆ ಕಲ್ಲಿನ ಒಳಗೇ ಇಳಿದಿದೆ. ಈಗ ಬಾಟಲಿ ಕೆಳಗೆ ಒಂದು ಸ್ಟೀಲ್ ತಟ್ಟೆ ಇಟ್ಟಿದ್ದೇವೆ. ತಿಳಿ ಬಣ್ಣ ತಗೊಂಡರೆ ಸೀಲರ್, ಅಂದರೆ ಎಣ್ಣೆ ನೀರು ಬೇಗ ಕಲ್ಲಿನೊಳಗೆ ಇಳಿಯದ ಹಾಗೆ ತಡೆಯುವ ದ್ರವ, ಹಚ್ಚಿಸಿ. ಆದರೆ ಕಲ್ಲು ಚೆನ್ನಾಗಿ ಒಣಗಿರುವಾಗ ಮಾತ್ರ, ಅಂದರೆ ನಮ್ಮ ಕಡೆ ಬೇಸಿಗೆಯಲ್ಲೇ. ಜುಲೈನಲ್ಲಿ ಹಚ್ಚಿದರೆ ತೇವ ಒಳಗೇ ಉಳಿಯುತ್ತೆ.

ಕಪ್ಪು ಕಲ್ಲಿನ ಬಗ್ಗೆ ಅಂಗಡಿಯವರು ಹೇಳಿದ್ದರಲ್ಲಿ ಸತ್ಯ ಇದೆ. ಚಾಮರಾಜನಗರದ ಕಡೆಯ ಒಳ್ಳೆಯ ಕಪ್ಪು ಕಲ್ಲು ತುಂಬಾ ಸಣ್ಣ ಕಣದ್ದು, ನೀರು ಹೀರೋದು ಬಹಳ ಕಮ್ಮಿ. ಭೂವಿಜ್ಞಾನದವರು ಅದನ್ನು ಡಾಲರೈಟ್ ಅಂತಾರೆ, ವ್ಯಾಪಾರದಲ್ಲಿ ಎಲ್ಲವೂ ಗ್ರಾನೈಟೇ. ಆದರೆ ಬೂದು ಕಲ್ಲಿಗೆ ಬಣ್ಣ ತುಂಬಿಸಿ ಕಪ್ಪು ಅಂತ ಮಾರುವುದೂ ಉಂಟು. ನಮ್ಮ ಸಂಬಂಧಿಕರ ಮನೆಯಲ್ಲಿ ಸಿಂಕ್ ಸುತ್ತ ಬಣ್ಣ ಮಾಸಿ ಬೂದಿ ಹಚ್ಚಿದಂತೆ ಕಾಣುತ್ತೆ. ಬಿಳಿ ಬಟ್ಟೆಗೆ ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಹಾಕಿ ಕಲ್ಲಿನ ಚೂರನ್ನು ಜೋರಾಗಿ ಉಜ್ಜಿ. ಬಟ್ಟೆ ಕಪ್ಪಾದರೆ ಬೇಡ.

ಹಾಗಾದರೆ ಯಾವುದು? ನನ್ನ ಮಟ್ಟಿಗೆ ಕಡುಗಪ್ಪೂ ಬೇಡ, ಅಚ್ಚ ಬಿಳಿಯೂ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಅಡುಗೆಮನೆಗಳಲ್ಲಿ ಮಧ್ಯಾಹ್ನವೂ ಲೈಟ್ ಹಾಕಬೇಕು, ಕರೆಂಟ್ ಹೋದರೆ ಅದೂ ಇಲ್ಲ. ಕಪ್ಪು ಕಟ್ಟೆ ಆ ಕತ್ತಲನ್ನ ಇನ್ನೂ ಜಾಸ್ತಿ ಮಾಡುತ್ತೆ. ಜೋನಿ ಬೆಲ್ಲ ಒಂದು ಹನಿ ಬಿದ್ದರೆ ಸಾಕು, ಇರುವೆ ಸಾಲು ಬಂದಿರುತ್ತೆ, ಕಪ್ಪಿನ ಮೇಲೆ ಕಾಣೋದೇ ಇಲ್ಲ. ಸಣ್ಣ ಕಣದ ಮಧ್ಯಮ ಬೂದು ಅಥವಾ ಕಂದು, ಮೇಲೆ ಹೇಳಿದ ಪರೀಕ್ಷೆ ದಾಟಿದ್ದು, ಅದನ್ನೇ ಆರಿಸಿ. ಮನೆಯವರಿಗೆ ಬಿಳಿ ಬೇಕಾದರೆ ಗೋಡೆಯ ಟೈಲ್ಸ್ ಬಿಳಿ ಹಾಕಿಸಿ.

ಕೂರಿಸುವ ಕೆಲಸ ಕಲ್ಲಿನಷ್ಟೇ ಮುಖ್ಯ. 18 ಮಿಲಿಮೀಟರ್ ದಪ್ಪದ ಗ್ರಾನೈಟ್ ಚದರಡಿಗೆ ಸುಮಾರು 4.5 ಕೆಜಿ ತೂಗುತ್ತೆ. 20 ಚದರಡಿ ಕಟ್ಟೆ ಅಂದರೆ 90 ಕೆಜಿ, ಕೆಳಗಿನ ಆಧಾರ ಸಮ ಇರಲೇಬೇಕು. ಸಿಂಕ್ ಮುಂದೆ ಉಳಿಯುವ ಸಣ್ಣ ಪಟ್ಟಿಯೇ ಮೊದಲು ಬಿರುಕು ಬಿಡುವ ಜಾಗ. ಅಲ್ಲಿ ಜಾಯಿಂಟ್ ಬರದ ಹಾಗೆ ನೋಡಿಕೊಳ್ಳಿ. ಸಿಂಕಿಗೆ ಕೊರೆಯುವಾಗ ಮೂಲೆಗಳನ್ನು ಚೂಪಾಗಿ ಬಿಡದೆ ಗುಂಡಗೆ ಮಾಡಲು ಹೇಳಿ. ಅಂಚಿನ ತಳಭಾಗದಲ್ಲಿ ಉದ್ದಕ್ಕೂ ಒಂದು ಗೆರೆ ಕೊರೆಸಿ, ಚೆಲ್ಲಿದ ನೀರು ಅಲ್ಲೇ ತೊಟ್ಟಿಕ್ಕುತ್ತೆ, ಕೆಳಗಿನ ಮರದ ಬಾಗಿಲಿಗೆ ಹರಿಯೋದಿಲ್ಲ. ಮಳೆಗಾಲದಲ್ಲಿ ಆ ಬಾಗಿಲು ಒಮ್ಮೆ ಉಬ್ಬಿದರೆ ಹಾಕೋಕೂ ಬರಲ್ಲ, ತೆಗೆಯೋಕೂ ಬರಲ್ಲ. ತೆಂಗಿನಕಾಯಿಯನ್ನ ಕಟ್ಟೆ ಅಂಚಿಗೆ ಹೊಡೆದು ಒಡೆಯೋದು ಮಾತ್ರ ಬೇಡ.

ಇನ್ನೊಂದು ವಿಷಯ, ದಯವಿಟ್ಟು ಮರೆಯಬೇಡಿ. ಗ್ರಾನೈಟ್ ಕತ್ತರಿಸುವಾಗ ಏಳುವ ಬಿಳಿ ಧೂಳಿನಲ್ಲಿ ಸಿಲಿಕಾ ಇರುತ್ತೆ. ಅದು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಕಾಯಿಲೆ ತರುತ್ತೆ, ಅದಕ್ಕೆ ವಾಸಿಯಾಗುವ ಮದ್ದಿಲ್ಲ. ಎಷ್ಟೋ ಹುಡುಗರು ಮುಖಕ್ಕೆ ಬರೀ ಟವೆಲ್ ಸುತ್ತಿಕೊಂಡು ಕೆಲಸ ಮಾಡ್ತಾರೆ. ಕತ್ತರಿಸುವ ಕೆಲಸವನ್ನ ಆದಷ್ಟು ಅಂಗಡಿಯ ನೀರಿನ ಮಷೀನ್‌ನಲ್ಲೇ ಮುಗಿಸಿ ತರಿಸಿ. ಮನೆಯಲ್ಲಿ ಮಾಡುವುದು ಉಳಿದರೆ ಹೊರಗೆ, ನೀರು ಬಿಡುತ್ತಾ ಮಾಡಲು ಹೇಳಿ. ಎನ್‌95 ಮಾಸ್ಕ್ ನೀವೇ ತಂದುಕೊಡಿ, ಮನೆಯ ಮಕ್ಕಳನ್ನ ಆ ಹೊತ್ತು ಹತ್ತಿರ ಬಿಡಬೇಡಿ.