ಬರೆಯಬೇಡ ಅಂದರೆ ಬರೆಯದೆ ಬಿಡಬಹುದೆ?

ಓದುಗರ ಪ್ರಶ್ನೆಗಳಿಗೆ ಶುಶ್ರೂಷಾ ಬೋಧಕರ ಉತ್ತರ

ಪ್ರಶ್ನೆ: ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ರಾತ್ರಿ ಊಟಕ್ಕೆ ಮುಂಚೆ ರೋಗಿಯೊಬ್ಬರಿಗೆ 16 ಯೂನಿಟ್ ರೆಗ್ಯುಲರ್ ಇನ್ಸುಲಿನ್ ಕೊಡಬೇಕಿತ್ತು. ಅವರೇ ಮನೆಯಿಂದ ತಂದಿದ್ದ ವಯಲ್ 100ರದ್ದು, ನನ್ನ ಕೈಯಲ್ಲಿದ್ದ ಸಿರಿಂಜ್ 40ರದ್ದು. ಕೊಟ್ಟ ಮೇಲೆ ಗೊತ್ತಾಯಿತು. ಹಿರಿಯ ಸಿಸ್ಟರ್, "ಶುಗರ್ ನೋಡ್ತಾ ಇರು, ಕೇಸ್ ಶೀಟಲ್ಲಿ ಮಾತ್ರ ಬರೀಬೇಡ" ಅಂದರು. ರೋಗಿಗೆ ಏನೂ ಆಗಲಿಲ್ಲ. ನಾನು ಬರೆಯದೆ ಬಿಟ್ಟದ್ದು ತಪ್ಪೇ?

ಉತ್ತರ: ತಪ್ಪು. ಸಿರಿಂಜಿನ ತಪ್ಪಿಗಿಂತ ಬರೆಯದೆ ಬಿಟ್ಟದ್ದೇ ದೊಡ್ಡದು.

ಮೊದಲು ಲೆಕ್ಕ ನೋಡಿ. 100ರ ವಯಲ್ ಎಂದರೆ ಒಂದು ಎಂ.ಎಲ್.ನಲ್ಲಿ 100 ಯೂನಿಟ್. 40ರ ಸಿರಿಂಜಿನ ಗೆರೆಗಳು ಒಂದು ಎಂ.ಎಲ್.ಗೆ 40 ಯೂನಿಟ್ ಲೆಕ್ಕದವು. ಅದರಲ್ಲಿ 16ರ ಗೆರೆವರೆಗೆ ಎಳೆದರೆ ಬರುವುದು 0.4 ಎಂ.ಎಲ್. ಅಂದರೆ ಒಳಗೆ ಹೋದದ್ದು 40 ಯೂನಿಟ್, ಹೇಳಿದ್ದರ ಎರಡೂವರೆ ಪಟ್ಟು. ಅದಲು ಬದಲಾಗಿ 40ರ ವಯಲ್‌ಗೆ 100ರ ಸಿರಿಂಜ್ ಹಾಕಿದ್ದರೆ ಹೋಗುತ್ತಿದ್ದದ್ದು ಬರೀ 6.4 ಯೂನಿಟ್. ಆಗ ಶುಗರ್ ಇಳಿಯುವುದಿಲ್ಲ, ಡಾಕ್ಟರು ಡೋಸ್ ಏರಿಸುತ್ತಾರೆ, ಮಾರನೇ ದಿನ ಯಾರೋ ಸರಿಯಾದ ಸಿರಿಂಜ್ ತೆಗೆದುಕೊಂಡಾಗ ಅನಾಹುತವಾಗುತ್ತದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ ಬಣ್ಣದ್ದು. ಮುಚ್ಚಳ ಕಳಚಿ ಟ್ರೇಯಲ್ಲಿಟ್ಟರೆ ಆ ಗುರುತೂ ಹೋಯಿತು. ಹಾಗಾಗಿ ವಯಲ್ ಮೇಲಿನ ಅಂಕಿ, ಸಿರಿಂಜ್ ಮೇಲಿನ ಅಂಕಿ ಎರಡನ್ನೂ ಬಾಯಿಬಿಟ್ಟು ಓದಿ, ಪಕ್ಕದವರಿಗೂ ತೋರಿಸಿ ಕೊಡಬೇಕು. ರೋಗಿ ಮನೆಯಿಂದ ತಂದ ಔಷಧಿಗಂತೂ ಇದು ತಪ್ಪಬಾರದು.

ಈಗ ಬರೆಯದ ವಿಷಯ. ರೆಗ್ಯುಲರ್ ಇನ್ಸುಲಿನ್ 2ರಿಂದ 4 ಗಂಟೆಯೊಳಗೆ ಜೋರಾಗಿ ಕೆಲಸ ಮಾಡುತ್ತದೆ, 6ರಿಂದ 8 ಗಂಟೆ ಉಳಿಯುತ್ತದೆ. ಅಷ್ಟರೊಳಗೆ ಡ್ಯೂಟಿ ಬದಲಾದರೆ, ರೋಗಿ ಬೆವರುತ್ತಾ ಮಲಗಿದ್ದನ್ನು ನೋಡಿ ಬಂದ ಸಿಸ್ಟರ್ "ದಾವಣಗೆರೆ ಸೆಕೆ ತಾನೆ" ಅಂದುಕೊಂಡು ಮುಂದೆ ಹೋಗುತ್ತಾರೆ. ನಿಮ್ಮ ರೋಗಿಗೆ ಏನೂ ಆಗದೇ ಇದ್ದದ್ದು ಅದೃಷ್ಟ.

ಮಾಡಬೇಕಿದ್ದದ್ದು ಇಷ್ಟು. ತಿಳಿದ ಕೂಡಲೇ ಶುಗರ್ ನೋಡಿ, ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ. 70ಕ್ಕಿಂತ ಕಡಿಮೆಯಿದ್ದು ರೋಗಿಗೆ ಎಚ್ಚರವಿದ್ದರೆ 15 ಗ್ರಾಂ ಗ್ಲೂಕೋಸ್ ಅಥವಾ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು. ಡಾಕ್ಟರ ಆದೇಶದಂತೆ ರಕ್ತನಾಳಕ್ಕೆ ಗ್ಲೂಕೋಸ್ ದ್ರಾವಣವಾದ ಡೆಕ್ಸ್‌ಟ್ರೋಸ್. ಕೇಸ್ ಶೀಟಿನಲ್ಲಿ: "8.10: 16 ಯೂನಿಟ್ ಬದಲು 40 ಯೂನಿಟ್ ಹೋಗಿದೆ. 8.25: ಶುಗರ್ 142. 8.30: ಡ್ಯೂಟಿ ಡಾಕ್ಟರಿಗೆ ತಿಳಿಸಲಾಗಿದೆ." ಇಷ್ಟೇ ಸಾಕು. "ಕೆಲಸ ಜಾಸ್ತಿ ಇತ್ತು", "ಸಿರಿಂಜ್ ಸ್ಟಾಕ್ ಇರಲಿಲ್ಲ" ಎಂಬ ಮಾತಿಗೆ ಜಾಗ ಘಟನಾ ವರದಿಯಲ್ಲಿದೆ, ಶೀಟಿನಲ್ಲಿಲ್ಲ. ರೋಗಿಗೆ ಡಾಕ್ಟರು ಹೇಳಬೇಕು, ನೀವೂ ಪಕ್ಕದಲ್ಲಿರಬೇಕು.

ಈಗಲೂ ಬರೆಯಬಹುದು. "ತಡವಾಗಿ ಬರೆದದ್ದು" ಎಂದು ಶುರು ಮಾಡಿ, ಬರೆಯುತ್ತಿರುವ ದಿನಾಂಕ, ಸಮಯ, ಸಹಿ ಹಾಕಿ. ಹಳೇ ಸಾಲುಗಳ ನಡುವೆ ತುರುಕಬೇಡಿ. ತಿದ್ದುವುದಿದ್ದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ, ವೈಟ್ನರ್ ಕೂಡದು. "ಸೀನಿಯರ್ ಹೇಳಿದ್ರು" ಎಂಬುದು ಎಲ್ಲೂ ನಿಲ್ಲುವುದಿಲ್ಲ. ಅಂತಾರಾಷ್ಟ್ರೀಯ ನರ್ಸುಗಳ ಮಂಡಳಿಯ ನೀತಿ ಸಂಹಿತೆ (ಮೊದಲು 1953, ಈಚೆಗೆ 2021ರಲ್ಲಿ ಪರಿಷ್ಕೃತ) ತನ್ನ ಕೆಲಸಕ್ಕೆ ನರ್ಸೇ ಹೊಣೆ ಎನ್ನುತ್ತದೆ. ಬೇಸರವೆಂದರೆ, ವರದಿ ಕೊಟ್ಟವರನ್ನೇ ಬೈಯುವ ವಾರ್ಡುಗಳಲ್ಲಿ ವರದಿಗಳೇ ಬರುವುದಿಲ್ಲ, ತಪ್ಪುಗಳು ಮಾತ್ರ ಬರುತ್ತಿರುತ್ತವೆ.

ಪ್ರಶ್ನೆ: ಹೆರಿಗೆ ಆದ ಮೇಲೆ ಮನೆಯವರು ಖುಷಿಗೆ 500 ರೂಪಾಯಿ ಕೈಗಿಟ್ಟರೆ ತಗೋಬಹುದಾ? (ಸರ್ಕಾರಿ ಆಸ್ಪತ್ರೆ, ಚಿತ್ರದುರ್ಗ)

ಉತ್ತರ: ಬೇಡ. ಸರ್ಕಾರಿ ನೌಕರರಿಗೆ 1988ರ ಭ್ರಷ್ಟಾಚಾರ ತಡೆ ಕಾಯ್ದೆ ಇದೆ. ಕಾಯ್ದೆ ಬಿಟ್ಟರೂ, ಕೊಡಲಾಗದ ಪಕ್ಕದ ಬೆಡ್ಡಿನವರು ನೋಡುತ್ತಿರುತ್ತಾರೆ. ತಮ್ಮ ಬೆಲ್ಲಿಗೆ ಸಿಸ್ಟರ್ ತಡವಾಗಿ ಬಂದರೆ ಅದಕ್ಕೇ ಅಂದುಕೊಳ್ಳುತ್ತಾರೆ. ಡಿಸ್ಚಾರ್ಜ್ ದಿನ ಇಡೀ ವಾರ್ಡಿಗೆ ಮಂಡಕ್ಕಿ-ಮಿರ್ಚಿ ತಂದರೆ ತಿನ್ನಿ, ಅದು ಬೇರೆ.

ಪ್ರಶ್ನೆ: ತಾಂಡಾದಿಂದ ಬಂದ ಹೆಣ್ಣುಮಗಳು, ಲಂಬಾಣಿ ಬಿಟ್ಟರೆ ಬೇರೆ ಭಾಷೆ ಬರದು. ಆಪರೇಷನ್ ಫಾರಂಗೆ ಗಂಡ ಸಹಿ ಹಾಕಿದ. ಸಾಕ್ಷಿಯಾಗಿ ನನ್ನ ಸಹಿ ಕೇಳಿದರು. ಹಾಕಬಹುದೆ? (ನರ್ಸಿಂಗ್ ವಿದ್ಯಾರ್ಥಿನಿ)

ಉತ್ತರ: ವಿದ್ಯಾರ್ಥಿನಿಯಾಗಿ ಹಾಕಲೇಬೇಡಿ. ವಾರ್ಡಿನ ನರ್ಸ್ ಕೂಡ ಆ ಫಾರಂಗೆ ಹಾಕಬಾರದು. ವಯಸ್ಕಳು, ಎಚ್ಚರವಿದ್ದಾಳೆ ಎಂದಾದರೆ ಒಪ್ಪಿಗೆ ಅವಳದೇ. ಓದು ಬರದಿದ್ದರೆ ಹೆಬ್ಬೆಟ್ಟು. ಗಂಡನ ಸಹಿ ಜತೆಗಿರಬಹುದು, ಬದಲಿಗಲ್ಲ. ಗರ್ಭಪಾತಕ್ಕಂತೂ ಕಾನೂನು ಕೇಳುವುದು ವಯಸ್ಕ ಹೆಂಗಸಿನ ಒಪ್ಪಿಗೆಯನ್ನು ಮಾತ್ರ.

ವಿವರಿಸುವುದು ಡಾಕ್ಟರ ಕೆಲಸ. ನರ್ಸ್ ಆ ಹೊಣೆ ಹೊತ್ತುಕೊಳ್ಳುವುದೂ ಬೇಡ, "ಸಹಿ ಹಾಕಮ್ಮ, ಲೇಟಾಗ್ತಿದೆ" ಅನ್ನುವುದೂ ಬೇಡ. ನೋಡಬೇಕಾದ್ದು: ಮಂಪರು ಬರುವ ಔಷಧಿ ಕೊಡುವ ಮುಂಚೆ ಕೇಳಿದ್ದಾರೆಯೇ? ಲಂಬಾಣಿ ಬಲ್ಲ ಸಿಬ್ಬಂದಿ ಹೇಳಿದರೇ, ಗಂಡನೇ ಅನುವಾದ ಮಾಡಿದನೇ? (ದಾವಣಗೆರೆ, ಚಿತ್ರದುರ್ಗದ ಆಸ್ಪತ್ರೆಗಳಲ್ಲಿ ಲಂಬಾಣಿ ಬಲ್ಲವರು ಹುಡುಕಿದರೆ ಸಿಗುತ್ತಾರೆ.) ಆಮೇಲೆ ಒಂದೇ ಪ್ರಶ್ನೆ: "ಅವ್ವಾ, ನಿನಗೆ ಏನು ಮಾಡ್ತಾರಂತೆ, ನೀನೇ ಹೇಳು." "ಹೊಟ್ಟೆ ನೋವಿಗೆ ಏನೋ ಮಾಡ್ತಾರೆ" ಎಂದಳೋ, ಫಾರಂ ಪಕ್ಕಕ್ಕಿಟ್ಟು ಡಾಕ್ಟರನ್ನು ಮತ್ತೆ ಕರೆಯಿರಿ. ಜೀವಕ್ಕೆ ಕುತ್ತಿದ್ದು ಎಚ್ಚರವಿಲ್ಲದ ರೋಗಿಯ ಮಾತು ಬೇರೆ. ಅಲ್ಲಿ ಸಹಿಗೆ ಕಾಯುವುದಿಲ್ಲ.

ಪ್ರಶ್ನೆ: ನಮ್ಮ ವಾರ್ಡಿನಲ್ಲಿ ಎಚ್‌ಐವಿ ಇರುವವರ ಬೆಡ್ಡಿಗೆ ಕೆಂಪು ಸ್ಟಿಕರ್ ಅಂಟಿಸುತ್ತಾರೆ. ನಮ್ಮ ರಕ್ಷಣೆಗೆ ಬೇಕಲ್ಲವೆ? (ಹರಿಹರ)

ಉತ್ತರ: ಆ ಸ್ಟಿಕರ್ ನಿಮ್ಮನ್ನು ಕಾಯುವುದಿಲ್ಲ, ರೋಗಿಯನ್ನು ಬಯಲಿಗೆಳೆಯುತ್ತದೆ. ಪರೀಕ್ಷೆಯೇ ಆಗದ ಪಕ್ಕದ ಬೆಡ್ಡಿನವರ ಗತಿಯೇನು? ಗ್ಲೌಸ್, ಕೈತೊಳೆತ, ಸೂಜಿಗೆ ಮತ್ತೆ ಮುಚ್ಚಳ ಹಾಕದೆ ನೇರ ಡಬ್ಬಿಗೆ ಎಸೆಯುವುದು, ಇವೆಲ್ಲ ಎಲ್ಲ ರೋಗಿಗಳಿಗೂ ಒಂದೇ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಸ್ಥಿತಿ ಬಹಿರಂಗಪಡಿಸುವಂತಿಲ್ಲ. ಸೂಜಿ ಚುಚ್ಚಿತೋ, ಸೋಪು ನೀರಿನಲ್ಲಿ ತೊಳೆಯಿರಿ, ಹಿಂಡಬೇಡಿ, ವರದಿ ಕೊಡಿ. ತಡೆ ಔಷಧಿ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಕೊಡುವುದಿಲ್ಲ. ಒಟ್ಟು 28 ದಿನ.

ಪ್ರಶ್ನೆ: ಚಳ್ಳಕೆರೆ ಕಡೆಯ ಗೊಲ್ಲರಹಟ್ಟಿಯಲ್ಲಿ ಬಾಣಂತಿ-ಕೂಸನ್ನು ಹಟ್ಟಿಯಾಚೆ ಗುಡಿಸಲಲ್ಲಿ ಇಡುತ್ತಾರೆ. ಮುಟ್ಟಿ ಬಂದರೆ ನಮ್ಮನ್ನೂ ಹಟ್ಟಿಯೊಳಗೆ ಬಿಡುವುದಿಲ್ಲ. ಅವರ ನಂಬಿಕೆಯನ್ನು ಗೌರವಿಸಬೇಕೋ, ಜಗಳಕ್ಕೆ ನಿಲ್ಲಬೇಕೋ? (ಹಳ್ಳಿಯ ಆರೋಗ್ಯ ಸಹಾಯಕಿ, ಎಎನ್‌ಎಂ)

ಉತ್ತರ: ನಂಬಿಕೆಗೆ ಗೌರವ ಇರಲಿ, ಆದರೆ ಕೂಸಿನ ಮೈ ತಣ್ಣಗಾದಾಗ ಆ ಮಾತು ಮುಗಿಯಿತು. ಮೊದಲು ಕೈಗೆ ಸಿಗುವುದನ್ನು ಮಾಡಿ.

ಅವತ್ತಿನ ಹಟ್ಟಿಯ ಬೇರೆ ಮನೆಗಳನ್ನೆಲ್ಲ ಮೊದಲು ಮುಗಿಸಿ, ಗುಡಿಸಲಿಗೆ ಕೊನೆಗೆ ಹೋಗಿ. ಇದು ರಾಜಿಯಲ್ಲವೆ ಎಂದರೆ ಹೌದು, ರಾಜಿಯೇ. ಆದರೆ ಭೇಟಿ ತಪ್ಪುವುದಿಲ್ಲ. ಆಶಾ ಕಾರ್ಯಕರ್ತೆಯ ಭೇಟಿಗಳೂ (ಆಸ್ಪತ್ರೆ ಹೆರಿಗೆಯಾದರೆ 3, 7, 14, 21, 28, 42ನೇ ದಿನ) ಗುಡಿಸಲಲ್ಲೇ ನಡೆಯಬೇಕು, ಬಾಗಿಲಲ್ಲಿ ನಿಂತು ರಿಜಿಸ್ಟರ್ ತುಂಬುವುದಲ್ಲ. ಹೆರಿಗೆಗೆ ಮುಂಚೆಯೇ, ಏಳನೇ ತಿಂಗಳಿನಿಂದ, ಅತ್ತೆ ಮತ್ತು ಹಟ್ಟಿಯ ಯಜಮಾನರ ಜತೆ ಮಾತಾಡಿ. ಬಾಣಂತಿ ಎದುರು ಅವರನ್ನು ಹೀಯಾಳಿಸಿದರೆ ಅದರ ಬಿಸಿ ತಟ್ಟುವುದು ಅವಳಿಗೇ. ಮಳೆಗಾಲ, ಚಳಿಗಾಲದಲ್ಲಿ ಡಿಸ್ಚಾರ್ಜ್ ತಡಮಾಡಲು ಡಾಕ್ಟರನ್ನು ಕೇಳಿ, ಕಾರಣ ಶೀಟಿನಲ್ಲಿ ಬರೆಸಿ.

ಬಲವಂತವಾಗಿ ಹೊರಗಿಡುವುದು ರಾಜ್ಯದ 2017ರ ಅಮಾನವೀಯ ದುಷ್ಟ ಪದ್ಧತಿ ತಡೆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅದನ್ನು ಮೊದಲ ದಿನವೇ ಎತ್ತಿ ಹೇಳಿದರೆ ಹಟ್ಟಿಯ ಬಾಗಿಲು ಮುಚ್ಚೀತು. ಬಾಣಂತಿ ಹಟ್ಟಿಯೊಳಗೆ ಬರುತ್ತೇನೆಂದರೂ ಬಿಡದಿದ್ದರೆ ವೈದ್ಯಾಧಿಕಾರಿಗೆ ಬರಹದಲ್ಲಿ ಕೊಡಿ.

ಗುಡಿಸಲಲ್ಲಿ ತಾಯಿಗೆ ಕಲಿಸಬೇಕಾದ್ದು: ಕೂಸನ್ನು ಬರಿಮೈಯಲ್ಲಿ ಎದೆಗವಚಿ ಮೇಲೆ ಸೀರೆ, ಕಂಬಳಿ ಹೊದಿಯುವುದು, ತಲೆಗೆ ಟೋಪಿ, ಮೊದಲ 24 ಗಂಟೆ ಸ್ನಾನ ಬೇಡ. ಥರ್ಮಾಮೀಟರ್ ಇಲ್ಲದಿದ್ದರೆ ಕೈ ಹಿಂಬದಿಯಿಂದ ಹೊಟ್ಟೆ, ಪಾದ ಮುಟ್ಟಿ ನೋಡಲಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿ ಹತ್ತಿದೆ, ಎದೆಗವಚಿಕೊಳ್ಳಬೇಕು. ಎರಡೂ ತಣ್ಣಗಿದ್ದರೆ, ಕೂಸು ಹಾಲು ಕುಡಿಯುವುದನ್ನು ಬಿಟ್ಟರೆ, ಉಸಿರು ನಿಮಿಷಕ್ಕೆ 60 ದಾಟಿದರೆ 108ಕ್ಕೆ ಫೋನ್. ಅದಕ್ಕೆ ಗುಡಿಸಲಲ್ಲಿ ಚಾರ್ಜ್ ಇರುವ ಮೊಬೈಲ್ ಇದೆಯೇ ಎಂದು ನೀವು ನೋಡಿ ಬರಬೇಕು.