ಓದುಗರ ಪ್ರಶ್ನೆ: ಬಟ್ಟೆಯ ಎಲ್ಲೆ, ದೇಶದ ಎಲ್ಲೆ

ಪ್ರಶ್ನೆ: ಉದಾರವಾದಕ್ಕೆ ವ್ಯಕ್ತಿಯ ಸ್ವಾತಂತ್ರ್ಯ ಮುಖ್ಯ, ರಾಷ್ಟ್ರವಾದಕ್ಕೆ ದೇಶ ಮುಖ್ಯ. ನನಗೇನೋ ಇವು ಎಣ್ಣೆ-ಸೀಗೆಕಾಯಿ ಅನ್ನಿಸುತ್ತವೆ. ಪಾಠದಲ್ಲಿ ಮಾತ್ರ ಎರಡನ್ನೂ ಸೇರಿಸಿ ‘ಉದಾರ ರಾಷ್ಟ್ರವಾದ’ ಎಂದಿದ್ದಾರೆ. ಹೇಗೆ ಸಾಧ್ಯ?
— ಬಿ.ಎ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನಿಮ್ಮದು ಬಟ್ಟೆ ಗಿರಣಿಗಳಿಂದ ಹೆಸರಾದ ಊರು, ಬಟ್ಟೆಯಿಂದಲೇ ಶುರು ಮಾಡೋಣ. ಹತ್ತೊಂಬತ್ತನೇ ಶತಮಾನದ ಜರ್ಮನ್ ಸೀಮೆಯಲ್ಲಿ ಬಟ್ಟೆ ಅಳೆಯುವ ಮಾನಕ್ಕೆ ‘ಎಲ್ಲೆ’ ಎಂದು ಹೆಸರಿತ್ತು, ನಮ್ಮ ಮೊಳದ ಹಾಗೆ. ಅದು ಫ್ರಾಂಕ್‌ಫರ್ಟ್‌ನಲ್ಲಿ 54.7 ಸೆಂಟಿಮೀಟರ್, ನ್ಯೂರೆಂಬರ್ಗ್‌ನಲ್ಲಿ 65.6. ಅಂದರೆ ನ್ಯೂರೆಂಬರ್ಗ್‌ನಲ್ಲಿ ನೂರು ಎಲ್ಲೆ ಅಳೆಸಿ ತಂದ ಬಟ್ಟೆ ಫ್ರಾಂಕ್‌ಫರ್ಟ್‌ನ ಅಂಗಡಿಯಲ್ಲಿ ಹತ್ತಿರಹತ್ತಿರ 120 ಎಲ್ಲೆ! ಕನ್ನಡದಲ್ಲಿ ಎಲ್ಲೆ ಎಂದರೆ ಗಡಿ. ಬರೀ ಕಾಕತಾಳೀಯ, ಆದರೆ ಪಾಠ ಮಾಡುವಾಗ ನನಗೆ ತುಂಬಾ ಅನುಕೂಲವಾಗಿದೆ.

1815ರ ವಿಯೆನ್ನಾ ಸಮಾವೇಶದ ನಂತರ ಆ ಸೀಮೆಯಲ್ಲಿ 39 ಸಂಸ್ಥಾನಗಳಿದ್ದವು. 1833ರಲ್ಲಿ ಒಬ್ಬ ವ್ಯಾಪಾರಿ ಹ್ಯಾಂಬರ್ಗ್‌ನಿಂದ ನ್ಯೂರೆಂಬರ್ಗ್‌ಗೆ ಸರಕು ಒಯ್ಯಬೇಕಾದರೆ ದಾರಿಯಲ್ಲಿ 11 ಸುಂಕದ ಕಟ್ಟೆ, ಒಂದೊಂದರಲ್ಲೂ ಸುಮಾರು ಶೇ 5ರ ಸುಂಕ. ನೂರು ಥಾಲರ್ ಮಾಲಿಗೆ 55 ಥಾಲರ್ ದಾರಿಯಲ್ಲೇ ಕೈಬಿಡುತ್ತಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಪ್ರಯೋಜನ? ವ್ಯಾಪಾರಿಗೆ ಬೇಕಾದದ್ದು ಒಂದು ಸುಂಕ, ಒಂದು ಅಳತೆ, ಒಂದು ಕಾನೂನು, ತೆರಿಗೆ ಹೇರುವಾಗ ತನ್ನನ್ನೂ ಒಂದು ಮಾತು ಕೇಳುವ ಸಂಸತ್ತು. ಇದು ಉದಾರವಾದದ ಬೇಡಿಕೆ. ಆದರೆ 39 ದೊರೆಗಳು ಇರುವತನಕ ಇದು ಸಿಗುವಂತಿರಲಿಲ್ಲ. ‘ನಾವೆಲ್ಲ ಜರ್ಮನ್ನರು, ನಮಗೊಂದೇ ದೇಶ’ ಎನ್ನುವುದು ಅಲ್ಲಿಗೆ ಹೋಗುವ ದಾರಿಯಾಯಿತು. 1834ರಲ್ಲಿ ಆ ಸಂಸ್ಥಾನಗಳಲ್ಲೇ ಒಂದಾದ ಪ್ರಷ್ಯಾದ ಮುಂದಾಳತ್ವದಲ್ಲಿ ಬಂದ ಸುಂಕ ಒಕ್ಕೂಟ, ‘ತ್ಸೋಲ್‌ಫೆರೈನ್’, ಒಳಗಿನ ಕಟ್ಟೆಗಳನ್ನು ಕಿತ್ತಿತು. ದೊರೆಗಳು ಮಾತ್ರ ಹಾಗೇ ಉಳಿದರು.

ಈ ಉದಾರತೆ ಎಲ್ಲರಿಗೂ ಇತ್ತೆಂದು ತಿಳಿಯಬೇಡಿ. ಸಾರ್ವಭೌಮತ್ವ ರಾಷ್ಟ್ರದ್ದು ಎಂದು 1789ರಲ್ಲಿ ಸಾರಿದ ಫ್ರಾನ್ಸ್, 1791ರ ಸಂವಿಧಾನದಲ್ಲಿ ಮತ ಕೊಟ್ಟದ್ದು 25 ದಾಟಿದ, ಕನಿಷ್ಠ ಮೂರು ದಿನದ ಕೂಲಿಯಷ್ಟು ತೆರಿಗೆ ಕಟ್ಟುವ ಗಂಡಸರಿಗೆ. ಹೆಂಗಸರಿಗೆ ತೆರಿಗೆ ಕಟ್ಟಿದರೂ ಇಲ್ಲ.

ಪ್ರಶ್ನೆ: 1848ರಲ್ಲಿ ಫ್ರಾಂಕ್‌ಫರ್ಟ್ ಸಂಸತ್ತು ಸೋತದ್ದು ಪ್ರಷ್ಯಾದ ದೊರೆ ಕಿರೀಟ ಒಲ್ಲೆ ಎಂದದ್ದಕ್ಕೆ ಎಂದು ಓದಿದ್ದೇನೆ. ಅಷ್ಟೇ ಕಾರಣವೇ?
— ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಅದು ಕೊನೆಯ ಅಂಕ, ಮೇಷ್ಟ್ರೇ. 1849ರ ಏಪ್ರಿಲ್‌ನಲ್ಲಿ ಇಡೀ ಜರ್ಮನಿಗೆ ಸಂವಿಧಾನ ಬರೆಯಲು ಸೇರಿದ್ದ ಆ ಸಂಸತ್ತಿನ ಪ್ರತಿನಿಧಿಗಳು ಸಂವಿಧಾನದ ಜೊತೆ ಕಿರೀಟ ಒಪ್ಪಿಕೊಳ್ಳಿ ಎಂಬ ಕೋರಿಕೆಯನ್ನೂ ಹೊತ್ತು ಬರ್ಲಿನ್‌ಗೆ ಹೋದಾಗ ನಾಲ್ಕನೇ ಫ್ರೆಡ್ರಿಕ್ ವಿಲ್ಹೆಲ್ಮ್ ಬೇಡವೆಂದ. ಜನ ಕೊಡುವ ಕಿರೀಟ ಅವನ ಕಣ್ಣಿಗೆ ಕೆಸರು ಮೆತ್ತಿದ ಬಳೆ. ಆದರೆ ನನಗೆ ಮುಖ್ಯವಾಗಿ ಕಾಣುವುದು ಅದಕ್ಕೂ ಒಂಬತ್ತು ತಿಂಗಳು ಹಿಂದಿನ ಒಂದು ಚರ್ಚೆ.

ಮೊದಲು 1848ರ ಮಾರ್ಚ್ 20ರ ಬರ್ಲಿನ್ ನೋಡಿ. ಕ್ರಾಂತಿ ಎದ್ದು ಎರಡು ದಿನವಾಗಿದೆ. ಮೊಆಬಿಟ್ ಸೆರೆಮನೆಯಿಂದ ಪೋಲಿಷ್ ದೇಶಭಕ್ತರನ್ನು ಬಿಡುಗಡೆ ಮಾಡಿ, ಬೀದಿಬೀದಿಯಲ್ಲಿ ಜರ್ಮನ್ ಜನ ಮೆರವಣಿಗೆ ಮಾಡುತ್ತಿದ್ದಾರೆ. ಪೋಲೆಂಡನ್ನು 1772, 1793, 1795ರಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಹಂಚಿಕೊಂಡು ನುಂಗಿದ್ದವು. ಆ ಅನ್ಯಾಯ ಸರಿಪಡಿಸಬೇಕು ಎಂದು ಅವತ್ತು ಜಯಕಾರ.

ಮೇ 18ರಂದು ಸೇಂಟ್ ಪಾಲ್ ಚರ್ಚಿನಲ್ಲಿ ಸಂಸತ್ತು ಸೇರಿತು. ವಕೀಲರು, ನ್ಯಾಯಾಧೀಶರು, ಪ್ರಾಧ್ಯಾಪಕರೇ ತುಂಬಿದ್ದ ಸಭೆ. ಮಹಿಳೆಯರು ಮೇಲಿನ ಗ್ಯಾಲರಿಯಲ್ಲಿ ಕೂತು ಕೇಳಬಹುದಿತ್ತು, ಅಷ್ಟೆ. ಜುಲೈನಲ್ಲಿ ಪೋಸನ್ ಪ್ರಾಂತ್ಯದ ವಿಷಯ ಬಂತು. ಪ್ರಷ್ಯಾದ ಪಾಲಿಗೆ ಬಂದಿದ್ದ ಪೋಲೆಂಡಿನ ತುಂಡು ಅದು. ಹೆಚ್ಚಿನವರು ಪೋಲಿಷರು, ಪಶ್ಚಿಮದ ಕಡೆ ಜರ್ಮನ್ನರು ಸಾಕಷ್ಟು. ಯಾರ ದೇಶಕ್ಕೆ ಸೇರಬೇಕು? ಎಡಪಂಥೀಯರ ಸಾಲಿನಲ್ಲಿ ಕೂತಿದ್ದ ಕವಿ ವಿಲ್ಹೆಲ್ಮ್ ಯೋರ್ಡನ್ ಎದ್ದು, ಪೋಲಿಷರ ಮೇಲಿನ ಈ ಮರುಕ ಸಾಕು, ನಮಗೀಗ ಬೇಕಾದದ್ದು ಆರೋಗ್ಯಕರವಾದ ರಾಷ್ಟ್ರಸ್ವಾರ್ಥ ಎಂದ. ರಾಬರ್ಟ್ ಬ್ಲುಮ್‌ನಂಥ ಕೆಲವರು ವಿರೋಧಿಸಿದರು. ಸಭೆ ಭಾರಿ ಬಹುಮತದಿಂದ ಪೋಸನ್‌ನ ದೊಡ್ಡ ಭಾಗವನ್ನು ಜರ್ಮನಿಗೆ ಸೇರಿಸಿಕೊಂಡಿತು. ಮಾರ್ಚ್‌ನ ಮೆರವಣಿಗೆಯಾಗಿ ನಾಲ್ಕೇ ತಿಂಗಳು.

ಇದನ್ನು ಬರೀ ಇಬ್ಬಂದಿತನ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ದೇಶ ದೊರೆಯದಲ್ಲ, ಜನರದು ಎಂದಮೇಲೆ ಮರುಪ್ರಶ್ನೆ ಬಂದೇ ಬರುತ್ತದೆ: ಯಾವ ಜನ? ದೊರೆಗೆ ಆ ತಲೆನೋವಿರಲಿಲ್ಲ, ಕಂದಾಯ ಕಟ್ಟಿದವರೆಲ್ಲ ಅವನ ಪ್ರಜೆಗಳೇ. ಪ್ರಾಗ್‌ನ ಚೆಕ್ ಇತಿಹಾಸಕಾರ ಫ್ರಾಂಟಿಶೆಕ್ ಪಲಾಟ್ಸ್ಕಿ ಇದನ್ನು ಬೇಗ ಗ್ರಹಿಸಿದ. ಫ್ರಾಂಕ್‌ಫರ್ಟ್‌ನಿಂದ ಬಂದ ಆಹ್ವಾನಕ್ಕೆ ಏಪ್ರಿಲ್‌ನಲ್ಲೇ ಆತ ಕೊಟ್ಟ ಉತ್ತರ: ನಾನು ಸ್ಲಾವ್ ಮೂಲದ ಬೊಹೀಮಿಯನ್, ನಿಮ್ಮ ಸಭೆಯಲ್ಲಿ ನನಗೇನು ಕೆಲಸ? ಆಸ್ಟ್ರಿಯಾ ಸಾಮ್ರಾಜ್ಯ ಇರದಿದ್ದರೆ ನಾವೇ ಅದನ್ನು ಹುಟ್ಟಿಸಬೇಕಿತ್ತು ಎಂದೂ ಸೇರಿಸಿದ. ಚೆಕ್ ರಾಷ್ಟ್ರವಾದದ ಪಿತಾಮಹ ಎನಿಸಿಕೊಂಡವನು ಹಳೇ ಸಾಮ್ರಾಜ್ಯದ ನೆರಳೇ ವಾಸಿ ಎಂದ!

ಗಡಿ ಉಳಿಸಿಕೊಳ್ಳಲು ಸೈನ್ಯ ಬೇಕು, ಸಂಸತ್ತಿಗೆ ಸ್ವಂತ ಸೈನ್ಯವಿಲ್ಲ, ಇರುವುದು ಪ್ರಷ್ಯಾದ ದೊರೆಗೆ. ಹೀಗೆ ಉದಾರವಾದಿಗಳು ಯಾರ ಅಧಿಕಾರಕ್ಕೆ ಲಗಾಮು ಹಾಕಲು ಹೊರಟಿದ್ದರೋ ಅವನ ಮನೆ ಬಾಗಿಲಿಗೇ ಹೋಗಿ ನಿಂತರು. ಮುಂದಿನದು ನಿಮಗೆ ಗೊತ್ತೇ ಇದೆ: 1864, 1866, 1870ರ ಯುದ್ಧಗಳು, ಪ್ರಷ್ಯಾದ ಪ್ರಧಾನಿ ಬಿಸ್ಮಾರ್ಕ್, 1871ರ ಜನವರಿ 18ರಂದು ಫ್ರಾನ್ಸಿನ ವರ್ಸೇಲ್ಸ್‌ನ ಕನ್ನಡಿ ಸಭಾಂಗಣದಲ್ಲಿ ಸಾಮ್ರಾಜ್ಯದ ಘೋಷಣೆ. 1848ರ ಸಂಸತ್ತು ಸೇರಿದ್ದು ಚರ್ಚಿನಲ್ಲಿ, ಸಾಮ್ರಾಜ್ಯ ಹುಟ್ಟಿದ್ದು ಸೋತ ಶತ್ರುವಿನ ಅರಮನೆಯಲ್ಲಿ.

ಪ್ರಶ್ನೆ: ಭಾಷೆಯ ಮೇಲೆ ಕರ್ನಾಟಕ ಒಂದಾದದ್ದೂ ಇದೇ ರಾಷ್ಟ್ರ-ಪ್ರಭುತ್ವದ (ಒಂದು ಜನಕ್ಕೆ ಒಂದು ಸಾರ್ವಭೌಮ ದೇಶ ಎಂಬ) ಕಲ್ಪನೆಯೇ?
— ಓದುಗರು, ಬೆಳಗಾವಿ

ಉತ್ತರ: ಅರ್ಧ ಹೌದು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದವರು, ಆಮೇಲೆ ಆಲೂರು ವೆಂಕಟರಾಯರು, ಇವರೆಲ್ಲ ಯುರೋಪಿನ ಹಾಗೆಯೇ ಓದು, ಪತ್ರಿಕೆ, ಚರಿತ್ರೆಯ ಮೂಲಕ ಚದುರಿದ ಜನರಿಗೆ ‘ನಾವು’ ಎನ್ನುವುದನ್ನು ಕಲಿಸಿದರು. ಆದರೆ ಕೇಳಿದ್ದು ಪ್ರತ್ಯೇಕ ಸಾರ್ವಭೌಮತ್ವವನ್ನಲ್ಲ, ಭಾರತದೊಳಗೆ ಒಂದು ಪ್ರಾಂತ್ಯವನ್ನು. ನಮ್ಮ ಪದಗಳೂ ಗೊಂದಲ ಮಾಡುತ್ತವೆ: ಕರ್ನಾಟಕವೂ ‘ರಾಜ್ಯ’, ರಾಜ್ಯಶಾಸ್ತ್ರದ ಸಾರ್ವಭೌಮ ಪ್ರಭುತ್ವವೂ ‘ರಾಜ್ಯ’.

ಹಲವು ರಾಷ್ಟ್ರೀಯತೆಗಳ, ಅದರಲ್ಲೂ ಭಿನ್ನ ಭಾಷೆಗಳ ಜನರಿರುವ ದೇಶದಲ್ಲಿ ಸ್ವತಂತ್ರ ಸಂಸ್ಥೆಗಳು ಬಾಳುವುದು ಬಹುಮಟ್ಟಿಗೆ ಅಸಾಧ್ಯ ಎಂದು 1861ರಲ್ಲಿ ಬರೆದವನು ಜಾನ್ ಸ್ಟುವರ್ಟ್ ಮಿಲ್, ಉದಾರವಾದಿಗಳಲ್ಲೇ ಅಗ್ರಗಣ್ಯ. ಮರುವರ್ಷವೇ ಇಂಗ್ಲಿಷ್ ಇತಿಹಾಸಕಾರ ಲಾರ್ಡ್ ಆ್ಯಕ್ಟನ್, ಹಲವು ರಾಷ್ಟ್ರೀಯತೆಗಳು ಒಟ್ಟಿಗಿರುವ ಪ್ರಭುತ್ವದಲ್ಲೇ ಸ್ವಾತಂತ್ರ್ಯ ಹೆಚ್ಚು ಭದ್ರ ಎಂದು ವಾದಿಸಿದ. ಭಾರತ ಹಿಡಿದದ್ದು ಆ್ಯಕ್ಟನ್ ಕಡೆಯ ದಾರಿ ಎಂದು ನನ್ನ ಅಭಿಪ್ರಾಯ. ರಾಜ್ಯಗಳ ಪುನರ್ವಿಂಗಡಣೆಗೆ ನೇಮಿಸಿದ್ದ ಫಜಲ್ ಅಲಿ ಆಯೋಗವೂ 1955ರ ವರದಿಯಲ್ಲಿ ‘ಒಂದು ಭಾಷೆಗೆ ಒಂದು ರಾಜ್ಯ’ ಎಂಬ ಸಿದ್ಧಾಂತವನ್ನು ಒಪ್ಪಲಿಲ್ಲ. ಆದರೂ 1956ರ ನಕ್ಷೆಯಲ್ಲಿ ಭಾಷೆಯೇ ದೊಡ್ಡ ಅಂಶವಾಗಿತ್ತು. ಇನ್ನು ಪೋಸನ್ ಪ್ರಶ್ನೆ ಹೇಗಿರುತ್ತದೆ ಎಂದು ಬೆಳಗಾವಿಯವರಿಗೂ ಕಾಸರಗೋಡಿನವರಿಗೂ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ವಿಕ್ಟರ್ ಇಮ್ಯಾನುಯಲ್ ಏಕೀಕೃತ ಇಟಲಿಯ ಮೊದಲ ದೊರೆ. ಮತ್ತೆ ‘ಎರಡನೆಯ’ ಏಕೆ? ಅಚ್ಚಿನ ತಪ್ಪೇ?
— ಎಸ್‌ಎಸ್‌ಎಲ್‌ಸಿ ವಿದ್ಯಾರ್ಥಿ, ಹಾಸನ

ಉತ್ತರ: ತಪ್ಪಲ್ಲಪ್ಪ. ಇಟಲಿ ಒಂದಾಗುವ ಮುಂಚೆ ಅವನ ಮನೆತನ ಆಳುತ್ತಿದ್ದ ಸಾರ್ಡೀನಿಯಾ-ಪೀಡ್‌ಮಾಂಟಿನ ಗಾದಿಯಲ್ಲಿ ಆತ ಎರಡನೆಯವನು. 1861ರಲ್ಲಿ ಇಟಲಿಯ ದೊರೆಯಾದಾಗ ಸಂಖ್ಯೆ ಬದಲಿಸಿಕೊಳ್ಳಲೇ ಇಲ್ಲ. ಹೊಸ ರಾಷ್ಟ್ರ ಹುಟ್ಟಿತೋ, ಹಳೇ ಮನೆತನದ ಜಮೀನು ಬೆಳೆಯಿತೋ, ಅವನಿಗೆ ಹೇಗೆ ಕಂಡಿತ್ತು ನೀನೇ ಊಹಿಸು. ಇನ್ನೊಂದು ವಿಷಯ ನಕ್ಷೆಯಲ್ಲಿ ಹುಡುಕು: ಇಟಲಿಯ ಏಕೀಕರಣಕ್ಕೆ ಹೋರಾಡಿದ ಗ್ಯಾರಿಬಾಲ್ಡಿ ಹುಟ್ಟಿದ ಊರು ನೀಸ್. ಆಸ್ಟ್ರಿಯಾ ವಿರುದ್ಧ ನೆರವಾದದ್ದಕ್ಕೆ ಅದನ್ನು 1860ರಲ್ಲಿ ಫ್ರಾನ್ಸಿಗೆ ಬಿಟ್ಟುಕೊಟ್ಟರು. ಆತ ಸಂಸತ್ತಿನಲ್ಲಿ ಕೂಗಾಡಿದ, ನಡೆಯಲಿಲ್ಲ. ಮುಂದಿನ ತಿಂಗಳು ಸಾವಿರ ಜನರನ್ನು ಕಟ್ಟಿಕೊಂಡು ಸಿಸಿಲಿಗೆ ಹಡಗು ಹತ್ತಿದ.